ಮನೆಗೇ ಬಂದು ರಕ್ತ ಪಡೆಯುವ ರಾಯಚೂರಿನ ಲ್ಯಾಬ್: ಸೂಜಿಗೆ ಪೂರ್ಣ ಅಂಕ, ವರದಿಗೆ ಅರ್ಧ

ರಾಯಚೂರಿನ ಒಂದು ಖಾಸಗಿ ಲ್ಯಾಬ್‌ನಲ್ಲಿ ಹಿರಿಯರ ಥೈರಾಯ್ಡ್ ಪರೀಕ್ಷೆ ಮಾಡಿಸಿದ ಅನುಭವವಿದು. ಎಪ್ಪತ್ತೆಂಟರ ನಮ್ಮ ಅತ್ತೆಯವರು ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಫ್ಯಾನ್ ಆರಿಸಿ ಶಾಲು ಹೊದ್ದು ಕೂರುತ್ತಿದ್ದರು. ಸುಸ್ತು, ಮಲಬದ್ಧತೆ, ಮರೆವು ಎಲ್ಲವನ್ನೂ ಮನೆಯವರು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದರು. ಥೈರಾಯ್ಡ್ ಮಂದವಾದಾಗಲೂ ಇವೇ ಲಕ್ಷಣಗಳು ಕಾಣುವುದರಿಂದ ವೈದ್ಯರು ಟಿಎಸ್‌ಎಚ್ ಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಿದು, ಥೈರಾಯ್ಡ್ ಮಂದವಾದರೆ ಸಾಮಾನ್ಯವಾಗಿ ಏರುತ್ತದೆ.

ರಕ್ತ ತೆಗೆಯುವ ಕೆಲಸದಲ್ಲಿ ಈ ಲ್ಯಾಬ್‌ಗೆ ಎರಡು ಮಾತಿಲ್ಲ. ಹೇಳಿದ ಹೊತ್ತಿಗೆ ಬಂದ ಹುಡುಗ, "ಅವ್ವಾರ, ಮುಷ್ಟಿ ಬಿಗಿ ಹಿಡೀರಿ" ಎಂದು ಮಾತನಾಡಿಸುತ್ತಲೇ, ತೆಳುವಾದ ನರವನ್ನು ಒಂದೇ ಚುಚ್ಚಿಗೆ ಹಿಡಿದು, ಟ್ಯೂಬಿನ ಮೇಲೆ ಹೆಸರು, ವಯಸ್ಸು, ಸಮಯವನ್ನು ನಮ್ಮೆದುರೇ ಬರೆದನು. ಆದರೆ ಯಾವ ಮಾತ್ರೆ ನುಂಗುತ್ತೀರಿ ಎಂದು ಆತ ಕೇಳಲಿಲ್ಲ. ಕೂದಲು ಉದುರುವುದಕ್ಕೆಂದು ಸೇವಿಸುವ ಬಯೋಟಿನ್ ಎಂಬ ವಿಟಮಿನ್ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಅಂಕಿಯನ್ನು ಸುಳ್ಳಾಗಿ ಇಳಿಸಬಲ್ಲದು. ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್ ಥೈರಾಯ್ಡನ್ನೇ ಏರುಪೇರು ಮಾಡಬಲ್ಲದು. ಅರ್ಧ ನಿಮಿಷದ ಪ್ರಶ್ನೆಯಿದು, ಕೇಳಲೇಬೇಕಿತ್ತು.

ನನ್ನ ಮುಖ್ಯ ತಕರಾರು ವರದಿಯ ಬಗ್ಗೆ. ಟಿಎಸ್‌ಎಚ್ 6.2 ಬಂದಿತ್ತು, ಪಕ್ಕದಲ್ಲಿ 0.4ರಿಂದ 4.0 ಎಂಬ ಮಿತಿ ಮತ್ತು ದಪ್ಪಕ್ಷರದಲ್ಲಿ "ಹೆಚ್ಚು". ಇಪ್ಪತ್ತೈದರ ಮಗಳಿಗೂ ಎಪ್ಪತ್ತೆಂಟರ ಅತ್ತೆಗೂ ಅದೇ ಮಿತಿ. ವಯಸ್ಸಾದಂತೆ, ಆರೋಗ್ಯವಾಗಿರುವವರಲ್ಲಿಯೂ ಟಿಎಸ್‌ಎಚ್ ಸ್ವಲ್ಪ ಏರುತ್ತದೆಂಬುದನ್ನು ಈ ಕಾಗದ ಎಲ್ಲಿಯೂ ಸೂಚಿಸುವುದಿಲ್ಲ. ಆ ದಪ್ಪಕ್ಷರವನ್ನು ನೋಡಿಯೇ ಔಷಧಿ ಅಂಗಡಿಗೆ ಹೋಗಿ ಮಾತ್ರೆ ಕೇಳುವವರಿದ್ದಾರೆ. ಅನಗತ್ಯವಾಗಿಯೋ ಅತಿಯಾಗಿಯೋ ಸೇವಿಸಿದ ಥೈರಾಕ್ಸಿನ್, ಅಂದರೆ ಮಂದ ಥೈರಾಯ್ಡ್‌ಗೆ ಕೊಡುವ ಹಾರ್ಮೋನ್ ಮಾತ್ರೆ, ಹಿರಿಯರ ಹೃದಯಬಡಿತವನ್ನು ಕೆಡಿಸಬಹುದು, ಮೂಳೆಯನ್ನು ಸವೆಸಬಹುದು.

ಪ್ಯಾಕೇಜಿನ ಹೆಸರಿನಲ್ಲಿ ಥೈರಾಯ್ಡ್ ಸ್ರವಿಸುವ ಟಿ3, ಟಿ4 ಹಾರ್ಮೋನುಗಳೆರಡನ್ನೂ ಸೇರಿಸಿ ಹಣ ಪಡೆದರೂ, ಬೇಕಾಗಿದ್ದ ಫ್ರೀ ಟಿ4, ಅಂದರೆ ರಕ್ತದ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4ರ ಅಳತೆ, ಅದರಲ್ಲಿ ಇರಲಿಲ್ಲ. ಮಂದ ಥೈರಾಯ್ಡ್ ಪತ್ತೆಗೆ ಟಿ3ಯಿಂದ ಹೆಚ್ಚಿನ ಉಪಯೋಗವಿಲ್ಲ. ಫೋನ್ ಮಾಡಿ ಕೇಳಿದ್ದಕ್ಕೆ, ಮತ್ತೆ ಚುಚ್ಚದೆ, ಉಳಿದಿದ್ದ ರಕ್ತದಲ್ಲಿಯೇ ಫ್ರೀ ಟಿ4 ನೋಡಿ ಸಂಜೆಯೊಳಗೆ ವಾಟ್ಸಾಪಿಗೆ ಕಳುಹಿಸಿದರು. ಈ ಸೌಜನ್ಯವನ್ನು ಮೆಚ್ಚಲೇಬೇಕು. ಅದು ಸರಿಯಾದ ಮಿತಿಯಲ್ಲಿತ್ತು.

ಟಿಎಸ್‌ಎಚ್ ಮಾತ್ರ ಏರಿ ಫ್ರೀ ಟಿ4 ಸರಿಯಿದ್ದರೆ, ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡುವುದು ರೂಢಿ. ಎಷ್ಟೋ ಜನರಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಇಂಥ 65 ದಾಟಿದ 737 ಮಂದಿಯ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಟ್ರಸ್ಟ್ ಅಧ್ಯಯನದಲ್ಲಿ, ಮಾತ್ರೆ ನುಂಗಿದವರ ಸುಸ್ತು ನುಂಗದವರಿಗಿಂತ ಕಡಿಮೆಯಾಗಲಿಲ್ಲ. ನಮ್ಮ ವೈದ್ಯರೂ ಮಾತ್ರೆ ಬರೆಯದೆ ಕಾಯಲು ಹೇಳಿದರು. ಎರಡನೆಯ ಸಲ 5.1 ಬಂತು. ಅತ್ತೆಯವರ ಸುಸ್ತಿಗೆ ಕಾರಣವಾಗಿದ್ದು ರಕ್ತಹೀನತೆ, ಅದಕ್ಕೀಗ ಚಿಕಿತ್ಸೆ ನಡೆದಿದೆ.

ಹಿರಿಯರಿರುವ ಮನೆಯವರಿಗೆ ಈ ಲ್ಯಾಬನ್ನು ಹೇಳಲು ನನಗೆ ಹಿಂಜರಿಕೆಯಿಲ್ಲ. ಪ್ಯಾಕೇಜ್ ಬೇಡವೆಂದು, ಟಿಎಸ್‌ಎಚ್ ಮತ್ತು ಫ್ರೀ ಟಿ4 ಮಾತ್ರ ಸಾಕೆಂದು ಮೊದಲೇ ತಿಳಿಸಬೇಕು. ಎರಡನೆಯ ಪರೀಕ್ಷೆಯನ್ನೂ ಇದೇ ಲ್ಯಾಬ್‌ನಲ್ಲಿ, ಬೆಳಗಿನ ಅದೇ ಹೊತ್ತಿಗೆ ಮಾಡಿಸಿದರೆ ಅಂಕಿಗಳನ್ನು ಹೋಲಿಸಲು ಅನುಕೂಲ. ಮನೆ ಭೇಟಿಗೆ ಬೇರೆ ಶುಲ್ಕವಿದ್ದು, ರಸೀದಿಯನ್ನು ಕೇಳಿ ಪಡೆಯಬೇಕಾಗುತ್ತದೆ.