ವೈಟ್ ಬೋರ್ಡ್ ಕಾರು ಬಾಡಿಗೆಗೆ ತಗೊಂಡು ಕರಾವಳಿಗೆ ಹೊರಡುವ ಮುಂಚೆ ಇದನ್ನು ಓದಿ

ದಸರಾ ಮುಗಿದ ಮೇಲೆ ಗೋಕರ್ಣಕ್ಕೆ ಹೋಗುವುದು ಅಂತ ನಾವು ಐದು ಜನ ಮಾತಾಡಿಕೊಂಡಿದ್ದೆವು. ಮೂವರು ಮೈಸೂರಿನವರು, ಇಬ್ಬರು ಮಂಡ್ಯದವರು. ಎಲ್ಲರ ಹತ್ತಿರವೂ ಇರುವುದು ಬೈಕು, ಕಾರು ಯಾರದೂ ಇಲ್ಲ. ಸೆಲ್ಫ್ ಡ್ರೈವ್ ಕಂಪನಿಯವರು ದಿನಕ್ಕೆ 3,500 ಕೇಳಿದರು. ರಿಂಗ್ ರೋಡ್ ಹತ್ತಿರ ಒಬ್ಬ 2,000ಕ್ಕೇ ಕೊಡುತ್ತಾನೆ ಅಂತ ಗೆಳೆಯನಿಗೆ ಯಾರೋ ನಂಬರ್ ಕೊಟ್ಟರು. ನಾವು ಜಾರಿದ್ದು ಅಲ್ಲೇ.

ಕಾರು ಚೆನ್ನಾಗಿಯೇ ಇತ್ತು. ಬಿಳಿ ನಂಬರ್ ಪ್ಲೇಟ್. ಅಡ್ವಾನ್ಸ್ 5,000, ಜೊತೆಗೆ ನನ್ನ ಬೈಕು, ಅದರ ಆರ್‌ಸಿ ಎಲ್ಲಾ ಅವನ ಹತ್ತಿರ ಬಿಡಬೇಕು. ಅಗ್ರಿಮೆಂಟ್ ಇಲ್ಲ, ರಸೀದಿ ಇಲ್ಲ. ಕೀ ಕೊಡುವಾಗ ಒಂದು ಮಾತು ಹೇಳಿದ. "ಪೊಲೀಸರು ಕೇಳಿದ್ರೆ ಬಾಡಿಗೆ ಅಂತ ಮಾತ್ರ ಹೇಳ್ಬೇಡಿ ಬ್ರದರ್, ಫ್ರೆಂಡ್ ಕಾರು ಅನ್ನಿ." ನಾವು ನಕ್ಕು ತಲೆಯಾಡಿಸಿದೆವು.

ಬಾಡಿಗೆಗೆ ಪಡೆದು ನಾವೇ ಓಡಿಸುವ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇದ್ದರೆ ಟ್ಯಾಕ್ಸಿ. ಬಿಳಿ ಪ್ಲೇಟು ಸ್ವಂತ ಬಳಕೆಗೆ ಮಾತ್ರ, ಅದರ ಇನ್ಶೂರೆನ್ಸೂ ಅಷ್ಟಕ್ಕೇ. ಇದು ನನಗೆ ಆಗಲೇ ಗೊತ್ತಿತ್ತು ಅಂದರೆ ನಗುತ್ತೀರಿ. ಗೊತ್ತಿತ್ತು. ಮೂರು ದಿನಕ್ಕೆ 4,500 ಉಳಿಯುತ್ತೆ ಅಂತ ಸುಮ್ನಿದ್ದೆ.

ಹುಣಸೂರು, ಕುಶಾಲನಗರ, ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವವರೆಗೆ ಎಲ್ಲಾ ಸರಿಯಿತ್ತು. ಮಂಗಳೂರು ದಾಟಿ ಹೆದ್ದಾರಿ 66 ಹಿಡಿದೆವು. ಹೆಜಮಾಡಿ ಟೋಲಿನಲ್ಲಿ ನೋಡಿದರೆ ಫಾಸ್ಟ್ಯಾಗ್‌ನಲ್ಲಿ ದುಡ್ಡೇ ಇಲ್ಲ. ದುಪ್ಪಟ್ಟು ಕಟ್ಟಿದೆವು. ಉಡುಪಿಯಲ್ಲಿ ಊಟ. ಕುಚ್ಚಲಕ್ಕಿ ಅನ್ನ ನೋಡಿ ಮಂಡ್ಯದವನೊಬ್ಬ ಮುದ್ದೆ ನೆನೆಸಿಕೊಂಡು ಮುಖ ಸಪ್ಪೆ ಮಾಡಿದ, ಅದು ಬೇರೆ ಕಥೆ.

ಮರವಂತೆ ಗೊತ್ತಲ್ವಾ? ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಓಡಿಸುತ್ತಿದ್ದವನು ಕಡಲು ನೋಡುತ್ತಾ ತಟ್ಟನೆ ಬ್ರೇಕ್ ಹಾಕಿದ. ಹಿಂದಿನಿಂದ ಗೂಡ್ಸ್ ಗಾಡಿ ಬಂದು ಗುದ್ದಿತು. ತಪ್ಪು ನಮ್ಮದೂ ಇತ್ತು, ಇಲ್ಲ ಅನ್ನಲ್ಲ. ಯಾರಿಗೂ ಏಟಾಗಲಿಲ್ಲ. ಡಿಕ್ಕಿ ಬಾಗಿಲು ಒಳಗೆ ಹೋಯಿತು, ಒಂದು ಟೇಲ್ ಲೈಟ್ ಒಡೆಯಿತು. ಕುಂದಾಪುರದ ಟಿಂಕರಿಂಗ್ ಅಂಗಡಿಯವರು ನೋಡಿ 9,000 ಆಗುತ್ತೆ ಅಂದರು. ಫೋನ್ ಮಾಡಿದರೆ ಕಾರಿನವನು, "ಅಲ್ಲಿ ಯಾರ ಕೈಲೂ ಮುಟ್ಟಿಸ್ಬೇಡಿ" ಅಂದ. ಗೋಕರ್ಣ ಅಲ್ಲಿಗೇ ಬಿಟ್ಟು ವಾಪಸ್ ಹೊರಟೆವು.

ಮೈಸೂರಿಗೆ ಬಂದ ಮೇಲೆ ಅವನು ಕೇಳಿದ್ದು 42,000. ರಿಪೇರಿ 24,000. ಗಾಡಿ ಗ್ಯಾರೇಜಿನಲ್ಲಿ ನಿಲ್ಲುವ ಒಂಬತ್ತು ದಿನಕ್ಕೆ 2,000ದಂತೆ ಬಾಡಿಗೆ 18,000. ಇನ್ಶೂರೆನ್ಸ್ ಕ್ಲೇಮ್ ಮಾಡಿ ಅಂದರೆ, "ಬಾಡಿಗೆಗೆ ಕೊಟ್ಟಿದ್ದು ಅಂತ ಗೊತ್ತಾದ್ರೆ ಅವ್ರು ಕೊಡ್ತಾರಾ?" ಅಂತ ನಮ್ಮನ್ನೇ ಕೇಳಿದ. ಸ್ಟೇಷನ್ನಿಗೆ ಹೋಗುತ್ತೇವೆ ಅಂದೆವು. ಹೋಗಿ ಅಂದ. ಅಗ್ರಿಮೆಂಟಿಲ್ಲ, ರಸೀದಿಯಿಲ್ಲ. ದಾರಿಯಲ್ಲಿ ಎರಡು ಕಡೆ ಪೊಲೀಸರಿಗೆ ಫ್ರೆಂಡ್ ಕಾರು ಅಂತ ಹೇಳಿದ್ದೂ ನಾವೇ. ಪರಿಚಯದ ವಕೀಲರೊಬ್ಬರು ಕೇಳಿ ಬೈದರು. "ಗುದ್ದಿದ್ದು ತಗಡಿಗೆ, ಪುಣ್ಯ ಮಾಡಿದ್ರಿ. ಯಾರಾದ್ರೂ ಸತ್ತಿದ್ರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತಬಹುದಿತ್ತು, ಇಲ್ಲ ಪರಿಹಾರ ಕೊಟ್ಟು ಆಮೇಲೆ ವಸೂಲಿಗೆ ಬರಬಹುದಿತ್ತು" ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ.

ನಿಮಗೆ ಯಾರಾದರೂ ಹೀಗೆ ಕಾರು ತೋರಿಸಿದರೆ ಮೊದಲು ಪ್ಲೇಟ್ ನೋಡಿ. ಬಿಳಿ ಇದ್ದರೆ ಅಲ್ಲಿಂದ ಎದ್ದು ಬನ್ನಿ, ಚೌಕಾಸಿ ಕೂಡ ಬೇಡ. ಕಪ್ಪು ಪ್ಲೇಟ್ ಇದ್ದರೂ ಇನ್ಶೂರೆನ್ಸ್ ಯಾವತ್ತಿನವರೆಗಿದೆ ನೋಡಿಕೊಳ್ಳಿ. ಡ್ಯಾಮೇಜ್ ಆದರೆ ನಿಮ್ಮ ಪಾಲು ಎಷ್ಟು, ಗಾಡಿ ನಿಂತ ದಿನಕ್ಕೂ ಬಾಡಿಗೆ ಕೊಡಬೇಕಾ ಅನ್ನುವುದು ಬರಹದಲ್ಲಿ ಇರಲಿ. ಹೊರಡುವ ಮುಂಚೆ ಕಾರಿನ ಸುತ್ತ ಒಂದು ವಿಡಿಯೊ ಮಾಡಿಕೊಳ್ಳಿ. ಬೈಕು, ಆರ್‌ಸಿ ಮಾತ್ರ ಯಾರ ಕೈಗೂ ಕೊಡಬೇಡಿ.

ಗೋಗರೆದು 30,000ಕ್ಕೆ ಇಳಿಸಿದೆವು. ಅಡ್ವಾನ್ಸ್ ಕಳೆದು ತಲೆಗೆ 5,000 ಬಿತ್ತು. ದುಡ್ಡು ಎಣಿಸಿಕೊಂಡ ಮೇಲೆ ಬೈಕಿನ ಕೀ ಕೊಟ್ಟ. ಮೀಟರ್ ನೋಡಿದೆ. ನಾನು ನಿಲ್ಲಿಸಿ ಹೋದಾಗ ಇದ್ದದ್ದಕ್ಕಿಂತ 160 ಕಿಲೋಮೀಟರ್ ಜಾಸ್ತಿ ಓಡಿತ್ತು.