ಕಾಡಿನ ದಿನಕ್ಕೆ ದುಡ್ಡು ಜಾಸ್ತಿ, ಬಯಲಿನ ದಿನಕ್ಕೆ ಮಜಾ ಜಾಸ್ತಿ

ಚಿಕ್ಕಮಗಳೂರಿನಲ್ಲಿ ಗ್ರಾವೆಲ್ ಸೈಕಲ್ (ಜಲ್ಲಿ, ಮಣ್ಣಿನ ದಾರಿಗೆಂದೇ ಮಾಡಿದ ಸೈಕಲ್) ಬಾಡಿಗೆಗೆ ಕೊಟ್ಟು, ದಾರಿ ತೋರಿಸಲು ಗೈಡನ್ನೂ ಕಳಿಸುವ ಸಣ್ಣ ತಂಡವೊಂದಿದೆ. ಹೆಸರು ಬರೆಯಲ್ಲ. ಊರು ಚಿಕ್ಕದು, ಅವರ ಮನೆಯ ನಾಯಿಗೆ ಇಂಜೆಕ್ಷನ್ ಹಾಕುವವಳೂ ನಾನೇ. ಅವರ ಹತ್ತಿರ ಎರಡು ದಾರಿಗಳಿವೆ. ಒಂದು ಮಲೆನಾಡಿನ ಕಡೆ, ಅದಕ್ಕೆ ‘ಕಾಡಿನ ದಾರಿ’ ಅಂತ ಹೆಸರಿಟ್ಟು 4,000 ರೂಪಾಯಿ ತೆಗೆದುಕೊಳ್ಳುತ್ತಾರೆ. ಇನ್ನೊಂದು ಬಯಲುಸೀಮೆ ಕಡೆ, 2,500. ಸೈಕಲ್, ಗೈಡ್, ತಿಂಡಿ, ಊಟ ಎಲ್ಲ ಸೇರಿ. ಎರಡನ್ನೂ ಓಡಿಸಿ ನೋಡಿದೆ. ಬೆಲೆಯನ್ನು ಉಲ್ಟಾ ಇಟ್ಟಿದ್ದಾರೆ.

ಮೊದಲು ಸೈಕಲ್ ವಿಷಯ. ನೋಡಲು ರೇಸ್ ಸೈಕಲ್ ಥರವೇ ಇರುತ್ತದೆ, ಹ್ಯಾಂಡಲ್ ಕೆಳಕ್ಕೆ ಬಾಗಿದೆ. ಆದರೆ ಟೈರು ದಪ್ಪ, ಇವರದು 40 ಮಿ.ಮೀ. ಒಳಗೆ ಟ್ಯೂಬ್ ಇಲ್ಲ, ಸೀಲೆಂಟ್ ಅನ್ನುವ ಬಿಳಿ ದ್ರವ ಹಾಕಿರುತ್ತಾರೆ. ಮುಂದಿನ ಚೈನ್ ವೀಲ್ ಒಂದೇ, 40 ಹಲ್ಲು. ಹಿಂದಿನ ಫ್ರೀವೀಲಿನಲ್ಲಿ ಎಲ್ಲಕ್ಕಿಂತ ದೊಡ್ಡದು 42 ಹಲ್ಲು. ಅದಕ್ಕೆ ಚೈನ್ ಬಿದ್ದರೆ ಪೆಡಲ್ ಒಂದು ಸುತ್ತು ತುಳಿದಾಗ ಚಕ್ರ ಒಂದು ಸುತ್ತಿಗೂ ಸ್ವಲ್ಪ ಕಡಿಮೆ ತಿರುಗುತ್ತದೆ. ತೋಟದ ಏರುಗಳಲ್ಲಿ ಸೀಟಿನಿಂದ ಇಳಿಯದೆ ಹತ್ತಿದ್ದು ಇದರಿಂದಲೇ. ಡಿಸ್ಕ್ ಬ್ರೇಕುಗಳು ಎರಡು ದಿನವೂ ಚೆನ್ನಾಗಿ ಹಿಡಿದವು.

ಆದರೆ ಅಳತೆ! ನಾನು ಐದು ಅಡಿ ಒಂದು ಇಂಚು. ಅವರ ಹತ್ತಿರ ಇದ್ದ ಅತಿ ಚಿಕ್ಕ ಫ್ರೇಮ್ 52 ಸೆಂ.ಮೀ. ಅಳತೆಯದು. ನನಗೆ ಬೇಕಾದದ್ದು 48ರ ಆಸುಪಾಸು. ಎತ್ತರವನ್ನು ಫೋನಿನಲ್ಲೇ ಕೇಳಿದ್ದರು, ಬರೆದುಕೊಂಡೂ ಇದ್ದರು. ಅಲ್ಲಿ ಹೋದಾಗ ‘ಸೀಟ್ ಇಳಿಸಿದರೆ ಸರಿಯಾಗುತ್ತೆ ಮೇಡಂ’ ಅಂದರು. ಸೀಟ್ ಇಳಿಸಿದರೆ ಕಾಲು ನೆಲಕ್ಕೆ ಎಟಕುತ್ತದೆ ನಿಜ, ಹ್ಯಾಂಡಲ್ ಹತ್ತಿರ ಬರುತ್ತದೆಯೇ? ಸಂಜೆಗೆ ಕುತ್ತಿಗೆ ಹಿಡಿದುಕೊಂಡಿತು. ಹೆಂಗಸರೂ ಬಾಡಿಗೆಗೆ ಬರುತ್ತಾರೆ ಅಂತ ಯಾರಿಗೂ ಹೊಳೆದಿಲ್ಲವೇನೋ. ಒಂದು ವಿಷಯ ಹೇಳಿಬಿಡುತ್ತೇನೆ: ಬ್ರೇಕ್ ಲಿವರನ್ನು ಬೆರಳಿಗೆ ಹತ್ತಿರ ತರಲು ಒಂದು ಸಣ್ಣ ಸ್ಕ್ರೂ ಇರುತ್ತದೆ. ಕೈ ಚಿಕ್ಕದಿದ್ದವರು ಹೊರಡುವ ಮುಂಚೆಯೇ ಅದನ್ನು ತಿರುಗಿಸಿಕೊಳ್ಳಿ.

ಮಲೆನಾಡಿನ ದಿನ ಹಿರೇಕೊಳಲೆ ಕೆರೆಯ ಕಡೆಯಿಂದ ಶುರುವಾಯಿತು. ಬೆಳಿಗ್ಗೆ ಮಂಜು, ಕೆರೆಯ ಸುತ್ತ ಗುಡ್ಡ. ಚೆನ್ನಾಗಿಲ್ಲ ಅನ್ನಲು ಮನಸ್ಸು ಬರುವುದಿಲ್ಲ. ಅಲ್ಲಿಂದ ಮುಂದೆ ಕಾಫಿ ತೋಟಗಳ ಒಳದಾರಿ. ಗೈಡ್ ಹುಡುಗ ಚುರುಕು. ಗೇಟಿನ ಹತ್ತಿರ ಎಸ್ಟೇಟ್ ರೈಟರನ್ನು ಹೆಸರು ಹಿಡಿದು ಮಾತಾಡಿಸಿ ಒಳಗೆ ಬಿಡಿಸಿಕೊಂಡ. ಆನೆ ಎಲ್ಲಿದೆ ಅಂತ ತಿಳಿಸುವ ವಾಟ್ಸಾಪ್ ಗ್ರೂಪನ್ನು ಪ್ರತಿ ತಿರುವಿನಲ್ಲೂ ನೋಡುತ್ತಿದ್ದ. ಒಂದು ಕಡೆ ‘ಬೇಡ, ಸಲಗ ಆ ಕಡೆ ಇದೆಯಂತೆ’ ಅಂತ ದಾರಿಯನ್ನೇ ಬದಲಿಸಿದ. ಈ ತಂಡಕ್ಕೆ ನಾನು ಪೂರ್ತಿ ಅಂಕ ಕೊಡುವುದು ಇಲ್ಲಿ. ಆನೆ ಕಂಡರೆ ಫೋಟೋ ತೆಗೆಯೋಣ ಅನ್ನುವ ಗೈಡುಗಳನ್ನೂ ನೋಡಿದ್ದೇನೆ.

ದಾರಿ ಮಾತ್ರ ಗ್ರಾವೆಲ್ ಅಲ್ಲ. ಅರ್ಧ ಟಾರು. ಏರಿದ್ದಲ್ಲೆಲ್ಲ ಜೀಪು, ಟ್ರ್ಯಾಕ್ಟರು ಹತ್ತಲಿ ಅಂತ ಕಾಂಕ್ರೀಟ್ ಹಾಕಿಸಿದ್ದಾರೆ. ಉಳಿದ ಮಣ್ಣಿನ ಮೇಲೆ ಸಿಲ್ವರ್ ಓಕ್ ಎಲೆ ಬಿದ್ದಿರುತ್ತದೆ. ಒದ್ದೆಯಾದರೆ ಅದರ ಮೇಲೆ ಟೈರು ನಿಲ್ಲುವುದಿಲ್ಲ. ನಾನು ಹೋದಾಗ ಕೊಯ್ಲು ಮುಗಿದಿರಲಿಲ್ಲ. ಹಣ್ಣಿನ ಮೂಟೆ ಹೊತ್ತ ಪಿಕಪ್ ಬಂದಾಗಲೆಲ್ಲ ಬೇಲಿಗೆ ಒರಗಿ ನಿಲ್ಲಬೇಕಾಯಿತು. ಇನ್ನು ಕಾಡು ಎಲ್ಲಿ? ಅವರ ಜಾಹೀರಾತಿನಲ್ಲಿ ದಟ್ಟ ಕಾಡಿನ ಫೋಟೋ ಇದೆ. ಭದ್ರಾ ಅಭಯಾರಣ್ಯ 1998ರಿಂದ ಹುಲಿ ಮೀಸಲು ಪ್ರದೇಶ. ಮುತ್ತೋಡಿಯಲ್ಲಿ ಒಳಗೆ ಹೋಗಬೇಕಾದರೆ ಇಲಾಖೆಯ ಸಫಾರಿಯಲ್ಲಿ ಹೋಗಬೇಕು, ಸೈಕಲ್ ತುಳಿದುಕೊಂಡಲ್ಲ. ಹಾಗೇ ಇರಬೇಕು ಕೂಡ. ಆದರೆ ಜಾಹೀರಾತಿನಲ್ಲಿ ‘ಕಾಫಿ ತೋಟದ ದಾರಿ’ ಅಂತಲೇ ಬರೆಯಬಹುದಲ್ವಾ? ಅಕ್ಕಿ ರೊಟ್ಟಿ ಚೆನ್ನಾಗಿತ್ತು. ಇಂಬಳ ಕಚ್ಚಲಿಲ್ಲ, ಮಳೆಗಾಲದಲ್ಲಿ ಆ ಮಾತು ಹೇಳಲು ಆಗುವುದಿಲ್ಲ.

ಬಯಲಿನ ದಿನ ಬೇರೆಯೇ ಕಥೆ. ಮೂಡಿಗೆರೆ ಕಡೆ ವರ್ಷಕ್ಕೆ ಎರಡು ಸಾವಿರ ಮಿ.ಮೀ. ದಾಟುವ ಮಳೆ. ಅದೇ ಜಿಲ್ಲೆಯ ಕಡೂರಿನಲ್ಲಿ ಅದರ ಮೂರನೇ ಒಂದು ಭಾಗವೂ ಬೀಳುವುದಿಲ್ಲ. ಊರಿಂದ ಪೂರ್ವಕ್ಕೆ ಹೊರಟರೆ ಈ ವ್ಯತ್ಯಾಸ ಟೈರಿನ ಕೆಳಗೇ ಗೊತ್ತಾಗುತ್ತದೆ. ಕಪ್ಪನೆಯ ತೋಟದ ಮಣ್ಣು ಹೋಗಿ ಗಟ್ಟಿ ಕೆಂಪು ನೆಲ, ಮೇಲೆ ಸಣ್ಣ ಕಲ್ಲು. ಗೈಡ್ ಅಲ್ಲೇ ನಿಲ್ಲಿಸಿ ಟೈರಿನ ಗಾಳಿಯನ್ನು 45 ಪಿಎಸ್‌ಐನಿಂದ 32ಕ್ಕೆ ಇಳಿಸಿದ. ನನ್ನ ತೂಕಕ್ಕೆ ಅಷ್ಟು ಸಾಕು. ಕೈಗೆ ಬರುತ್ತಿದ್ದ ನಡುಕ ನಿಂತೇ ಹೋಯಿತು. ಲಕ್ಯಾ ಹೋಬಳಿಯ ಹೊಲಗಳ ನಡುವೆ ಎತ್ತಿನ ಗಾಡಿ ದಾರಿ, ಕೆರೆ ಏರಿ, ಮತ್ತೆ ಗಾಡಿ ದಾರಿ. ಟಾರು ಸಿಕ್ಕಿದ್ದು ಅದನ್ನು ದಾಟಲು ಮಾತ್ರ. ಇಂಥ ಸೈಕಲ್ ಮಾಡಿದ್ದೇ ಇಂಥ ದಾರಿಗೆ.

ರಾಗಿ ಕಟಾವಾಗಿ ಹುಲ್ಲು ಮೆದೆಯಾಗಿತ್ತು. ಹುರುಳಿಯನ್ನು ಮಾತ್ರ ಜನ ರಸ್ತೆಗೇ ಹರಡಿದ್ದರು, ಗಾಡಿಗಳು ತುಳಿದು ಕಾಳು ಉದುರಲಿ ಅಂತ. ಕಾರಿಗೆ ಏನೂ ಆಗುವುದಿಲ್ಲ. ಸೈಕಲ್ಲಿಗೆ ಹಾಗಲ್ಲ, ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್ ಮುರಿಯುವುದೂ ಉಂಟು. ಇಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋಗಿ. ಒಬ್ಬ ಅಜ್ಜಿ ‘ಬಾರವ್ವ, ನೀನೂ ನಾಲ್ಕು ಸುತ್ತು ತುಳಿದು ಹೋಗು’ ಅಂದರು, ಆಸೆಯಾಯಿತು.

ನಾಯಿಗಳ ಬಗ್ಗೆ ಹೇಳಲೇಬೇಕು, ಅದು ನನ್ನ ಕಸುಬು. ಹಟ್ಟಿಗಳ ಹತ್ತಿರ ಬಂದೇ ಬರುತ್ತವೆ. ಜೋರಾಗಿ ತುಳಿದರೆ ಅವು ಇನ್ನೂ ಜೋರಾಗಿ ಓಡುತ್ತವೆ. ನಿಲ್ಲಿಸಿ, ಇಳಿಯಿರಿ, ಸೈಕಲ್ ನಡುವೆ ಇರಲಿ, ಸುಮ್ನೆ ನಡೆಯಿರಿ. ಹೆಚ್ಚಿನವು ಅಲ್ಲಿಗೇ ಬೇಸರವಾಗಿ ವಾಪಸ್ ಹೋಗುತ್ತವೆ. ಹಾಗೂ ಕಚ್ಚಿದರೆ ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅವತ್ತೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಗೈಡಿನ ಬ್ಯಾಗಿನಲ್ಲಿ ಸೋಪು ಇರಲಿಲ್ಲ. ಇರಬೇಕು.

ಅಸಲಿ ತಕರಾರು ಬೆಳವಾಡಿಗೆ ಇನ್ನೂ ಸ್ವಲ್ಪ ದೂರ ಇದ್ದಾಗ ಬಂತು. ನೆಗ್ಗಿಲು ಮುಳ್ಳು ಚುಚ್ಚಿತು. ಬಯಲಿನಲ್ಲಿ ಅದು ಚುಚ್ಚದೆ ಬಿಡುವುದಿಲ್ಲ, ಕುರಿಗಳ ಗೊರಸಿನಿಂದ ನಾನೇ ಎಷ್ಟೋ ಕಿತ್ತಿದ್ದೇನೆ. ಸೀಲೆಂಟ್ ಇರುವುದೇ ಅದಕ್ಕೆ, ತೂತಿಗೆ ನುಗ್ಗಿ ಗಟ್ಟಿಯಾಗಿ ಗಾಳಿ ನಿಲ್ಲಿಸಬೇಕು. ನನ್ನ ಟೈರಿನಲ್ಲಿ ಅದು ಒಣಗಿ ಪದರವಾಗಿತ್ತು. ಕೆಲವು ತಿಂಗಳಿಗೊಮ್ಮೆ ಹೊಸದಾಗಿ ತುಂಬಿಸಬೇಕು, ತುಂಬಿಸಿರಲಿಲ್ಲ, ಅಷ್ಟೇ. ಟ್ಯೂಬ್ ಹಾಕಿ ಹೊರಡುವಷ್ಟರಲ್ಲಿ ಬಿಸಿಲೇರಿತ್ತು. ಬಾಡಿಗೆ ಸೈಕಲ್ ತೆಗೆದುಕೊಳ್ಳುವಾಗ ಚಕ್ರವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ನೀರು ಕುಲುಕಿದ ಸದ್ದು ಬರಬೇಕು.

ಬೆಳವಾಡಿಯ ವೀರನಾರಾಯಣ ದೇವಸ್ಥಾನದಲ್ಲಿ ಕೂತು ಬೆವರು ಆರಿಸಿಕೊಂಡೆವು. ಹೊಯ್ಸಳರದು, ಮೂರು ಗರ್ಭಗುಡಿ, ಕನ್ನಡಿಯಂತೆ ಹೊಳೆಯುವ ಕಂಬಗಳು. ಬಕಾಸುರನನ್ನು ಭೀಮ ಕೊಂದ ಏಕಚಕ್ರಪುರ ಇದೇ ಅಂತ ಊರವರು ಹೇಳುತ್ತಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಪಟ್ಟಿಯಲ್ಲಿ ಇಲ್ಲದ ಕಾರಣ ಇಲ್ಲಿ ಇನ್ನೂ ನೆಮ್ಮದಿ ಇದೆ. ಮುದ್ದೆ, ಹುರುಳಿ ಸಾರಿನ ಊಟವೂ ಇದೇ ಊರಿನಲ್ಲಿ. ತಿಂದ ಮೇಲೆ ಹಳೇಬೀಡಿನವರೆಗೆ ತುಳಿಯುವುದು ಕಷ್ಟವೇ, ಆದರೂ ದೋರಸಮುದ್ರ ಕೆರೆ ಮುಟ್ಟಿದೆವು. ಅಲ್ಲಿಂದ ಜೀಪಿನಲ್ಲಿ ವಾಪಸ್.

ಕಡೂರು, ಬೀರೂರಿನ ಅಮೃತಮಹಲ್ ಕಾವಲುಗಳ (ಅಮೃತಮಹಲ್ ತಳಿಯ ದನ ಮೇಯಲು ಬಿಟ್ಟ ಹುಲ್ಲುಗಾವಲುಗಳ) ಕಡೆಗೂ ಒಂದು ದಾರಿ ಮಾಡಿ ಅಂತ ಅವರಿಗೆ ಹೇಳಿದ್ದೇನೆ. ಕಾವಲಿನ ಒಳಗೆ ಬೇಡ. ಬಾಸೂರು ಕಾವಲು ಕೃಷ್ಣಮೃಗಕ್ಕೆ ಮೀಸಲು. ಅಂಚಿನ ಹಳ್ಳಿ ರಸ್ತೆಗಳೇ ಸಾಕು, ಹುಲ್ಲುಗಾವಲು ರಸ್ತೆಯಿಂದಲೇ ಕಾಣುತ್ತದೆ.

ಸೀಲೆಂಟ್ ವಿಷಯಕ್ಕೆ ಮಾಲೀಕರು ವಾದ ಮಾಡಲಿಲ್ಲ, ನಾನು ಕೇಳದೆಯೇ 500 ರೂಪಾಯಿ ಬಿಟ್ಟುಕೊಟ್ಟರು. ಚಿಕ್ಕ ಫ್ರೇಮ್ ತರಿಸುತ್ತೇವೆ ಅಂದಿದ್ದಾರೆ. ಅದು ಬರುವವರೆಗೆ ಐದೂವರೆ ಅಡಿಗಿಂತ ಎತ್ತರ ಇರುವವರು ಧೈರ್ಯವಾಗಿ ಹೋಗಿ, ಬಯಲಿನ ದಿನವನ್ನೇ ಕೇಳಿ. ಮಾರ್ಚ್ ಕಳೆದರೆ ಬಿಸಿಲು ತಡೆಯಲಾಗುವುದಿಲ್ಲ, ಬೆಳಿಗ್ಗೆ ಆರಕ್ಕೇ ಹೊರಡಿಸಿ ಅನ್ನಿ.