ಹಳೆಯ ಜಿಮೇಲ್ ಅಳಿಸುವ ಮುನ್ನ ಇದನ್ನು ಓದಿ

ರಾಜಾಜಿನಗರದ ಪರಿಚಯಸ್ಥರೊಬ್ಬರು ಗೂಗಲ್ ಸಹವಾಸವೇ ಬೇಡವೆಂದು ಒಂದೇ ಶನಿವಾರ-ಭಾನುವಾರದಲ್ಲಿ ಎಲ್ಲವನ್ನೂ ಬದಲಿಸಿದರು. ಕೀಲಿಯಿಲ್ಲದೆ ಓದಲಾಗದಂತೆ ಮೇಲ್ ಎನ್‌ಕ್ರಿಪ್ಟ್ ಮಾಡಿಡುವ ಪ್ರೋಟಾನ್ ಮೇಲ್‌ನಲ್ಲಿ ವಿಳಾಸ, ಪಾಸ್‌ವರ್ಡ್‌ಗಳನ್ನೆಲ್ಲ ಒಂದೆಡೆ ಕಾಯುವ ಹೊಸ ಪಾಸ್‌ವರ್ಡ್ ಮ್ಯಾನೇಜರ್, ಫೋನ್ ರೀಸೆಟ್, ಕೊನೆಗೆ ಹನ್ನೆರಡು ವರ್ಷದ ಗೂಗಲ್ ಖಾತೆಯೇ ಡಿಲೀಟ್. ಪೆಟ್ಟು ಬಿದ್ದದ್ದು ಆಮೇಲೆ. ರೀಸೆಟ್ ಜೊತೆಗೆ ಲಾಗಿನ್ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಕೂಡ ಅಳಿಸಿಹೋಗಿತ್ತು. ಡಿಮ್ಯಾಟ್ ಖಾತೆ ಆರಂಕಿಯ ಕೋಡ್ ಕೇಳಿದಾಗ ಕೊಡಲು ಏನೂ ಇರಲಿಲ್ಲ. ಕಾರಿನ ವಿಮೆ ನವೀಕರಿಸಿ ಎಂಬ ಮೇಲ್ ಸತ್ತ ವಿಳಾಸಕ್ಕೆ ಹೋಯಿತು. ವಿಮೆಯ ಅವಧಿ ಮುಗಿದು 90 ದಿನ ದಾಟಿದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಕೈತಪ್ಪುತ್ತದೆ. ಅವರದ್ದು ದಾಟಿತ್ತು. ಅಳಿಸಿದ ಜಿಮೇಲ್ ವಿಳಾಸವನ್ನು ಗೂಗಲ್ ಮತ್ತೆ ಯಾರಿಗೂ ಕೊಡುವುದಿಲ್ಲ, ಖಾತೆ ಮರಳಿ ಪಡೆಯುವ ಅಲ್ಪಾವಧಿ ಕಳೆದರೆ ಹಳೆಯ ಮಾಲೀಕರಿಗೂ ಇಲ್ಲ.

ಯೋಚನೆ ಸರಿಯೇ ಇತ್ತು. ಕೊನೆಗೆ ಬಿಡಬೇಕಾದ್ದನ್ನು ಮೊದಲೇ ಬಿಟ್ಟರು ಅಷ್ಟೇ.

ಗೂಗಲ್ ಬಿಡಲು ಶುರು ಮಾಡುವುದಾದರೆ ಬ್ರೌಸರ್‌ನಿಂದ ಮಾಡಿ. ಫೈರ್‌ಫಾಕ್ಸ್, ಅದಕ್ಕೊಂದು ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್. ಹಿಡಿಸದಿದ್ದರೆ ಹಳೆಯದಕ್ಕೆ ಮರಳಬಹುದು, ನಷ್ಟವಿಲ್ಲ.

ಪಾಸ್‌ವರ್ಡ್‌ ಮ್ಯಾನೇಜರ್ ಆಗಿ ಬಿಟ್‌ವಾರ್ಡನ್ ಆಗುತ್ತದೆ. ಕ್ರೋಮ್‌ನಿಂದ ಹೊರತೆಗೆದ ಸಿಎಸ್‌ವಿ ಫೈಲಿನಲ್ಲಿ ಪಾಸ್‌ವರ್ಡ್‌ಗಳೆಲ್ಲ ಬರಿಗಣ್ಣಿಗೆ ಕಾಣುವಂತಿರುತ್ತವೆ, ಇಂಪೋರ್ಟ್ ಆದ ಕೂಡಲೇ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಬ್ಯಾಕಪ್‌ನಲ್ಲಿ ಹಲವರು ಎಡವುತ್ತಾರೆ. ಬಿಟ್‌ವಾರ್ಡನ್‌ನ ಎನ್‌ಕ್ರಿಪ್ಟೆಡ್ ಎಕ್ಸ್‌ಪೋರ್ಟ್‌ನಲ್ಲಿ ಎರಡು ಬಗೆಯಿದೆ. ಖಾತೆಗೆ ಕಟ್ಟಿದ್ದು ಅದೇ ಖಾತೆಯಲ್ಲಿ ಮಾತ್ರ ತೆರೆಯುತ್ತದೆ. ಖಾತೆಯೇ ಹೋದರೆ ಫೈಲ್ ಇದ್ದೂ ಇಲ್ಲದಂತೆ. ಪಾಸ್‌ವರ್ಡ್ ಹಾಕುವ ಬಗೆಯನ್ನೇ ಆರಿಸಿ. ಬಿಟ್‌ವಾರ್ಡನ್ ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಮರೆತರೆ ಕಂಪನಿಯವರೂ ತೆಗೆದುಕೊಡಲಾರರು. ಕಾಗದದಲ್ಲಿ ಬರೆದು ಎಲ್‌ಐಸಿ ಬಾಂಡ್ ಇರುವ ಬೀರುವಿನಲ್ಲಿಡಿ, ನಾಚಿಕೆ ಬೇಡ.

ಮುಂದಿನದು ಅಥೆಂಟಿಕೇಟರ್. ಆಂಡ್ರಾಯ್ಡ್‌ನಲ್ಲಿ ಏಜಿಸ್ ಒಳ್ಳೆಯದು. ಗೂಗಲ್ ಅಥೆಂಟಿಕೇಟರ್ ತೋರಿಸುವ ಟ್ರಾನ್ಸ್‌ಫರ್ ಕ್ಯೂಆರ್ ಅನ್ನು ಅದು ನೇರವಾಗಿ ಓದುತ್ತದೆ. ಎನ್‌ಕ್ರಿಪ್ಟ್ ಮಾಡಿದ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿ. ಪ್ರತಿ ಖಾತೆಗೂ ಹೊಸ ಆ್ಯಪಿನ ಕೋಡ್‌ನಿಂದ ಒಮ್ಮೆ ಲಾಗಿನ್ ಆಗಿ ನೋಡುವವರೆಗೆ ಹಳೆಯ ಫೋನಿಗೆ ಕೈಹಚ್ಚಬೇಡಿ.

ಫೋಟೊಗಳನ್ನು ಗೂಗಲ್ ಟೇಕ್‌ಔಟ್‌ನಿಂದ (ನಮ್ಮ ಡೇಟಾ ಇಳಿಸಿಕೊಳ್ಳುವ ಗೂಗಲ್ ಸೇವೆ) ಇಳಿಸಿದರೆ ದಿನಾಂಕದಂಥ ಮಾಹಿತಿ ಪಕ್ಕದ ಜೆಸಾನ್ ಫೈಲುಗಳಲ್ಲಿ ಬರುತ್ತದೆ. ಅವು ಕಸವೆಂದು ಎಸೆದರೆ ತೆಗೆದ ದಿನಾಂಕ ತಪ್ಪಿ, ಅಜ್ಜಿಯ ಹಳೆಯ ಫೋಟೊ ಇವತ್ತಿನದೆಂದು ಕಾಣಬಹುದು.

ಮೇಲ್ ಕೊನೆಗೆ. ಜಿಮೇಲ್‌ನಲ್ಲಿ ಫಾರ್ವರ್ಡಿಂಗ್ ಹಾಕಿ, ಹೊಸ ಕಡೆ ಅದಕ್ಕೊಂದು ಪ್ರತ್ಯೇಕ ಲೇಬಲ್ ಕೊಡಿ. ಆ ಲೇಬಲ್‌ಗೆ ಬಂದ ಒಂದೊಂದು ಮೇಲೂ ವಿಳಾಸ ಬದಲಿಸಬೇಕಾದ ಒಂದೊಂದು ಜಾಗ: ಬ್ಯಾಂಕ್, ಪಿಎಫ್, ಆದಾಯ ತೆರಿಗೆ, ಬೆಸ್ಕಾಂ, ಮ್ಯೂಚುವಲ್ ಫಂಡ್. ವಿಮೆ, ತೆರಿಗೆಯಂಥವು ವರ್ಷಕ್ಕೊಮ್ಮೆ ಮಾತ್ರ ಎದ್ದು ಬರುತ್ತವೆ, ಹಾಗಾಗಿ ಕನಿಷ್ಠ 13 ತಿಂಗಳು ಹಳೆಯದು ಜೀವಂತ ಇರಲಿ. ಸ್ಪ್ಯಾಮ್‌ಗೆ ಬಿದ್ದದ್ದು ಫಾರ್ವರ್ಡ್ ಆಗುವುದಿಲ್ಲ. ತಿಂಗಳಿಗೊಮ್ಮೆ ಹಳೆಯ ಪೆಟ್ಟಿಗೆಯಲ್ಲೇ ಇಣುಕಿ. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ತಾನೇ ಅಳಿಸಬಹುದು ಎಂಬುದೂ ನೆನಪಿರಲಿ.

ಪ್ರೋಟಾನ್‌ನಲ್ಲಿ ಪಾಸ್‌ವರ್ಡ್ ರೀಸೆಟ್ ಮಾಡಿದರೆ ಖಾತೆ ಸಿಗುತ್ತದೆ, ಹಳೆಯ ಮೇಲ್‌ಗಳು ಬೀಗ ಹಾಕಿದಂತೆಯೇ ಉಳಿಯುತ್ತವೆ. ಎನ್‌ಕ್ರಿಪ್ಶನ್ ಎಂದರೆ ಅದೇ ತಾನೆ. ಅವನ್ನು ಮತ್ತೆ ತೆರೆಯಲು ಬೇಕಾಗುವ 12 ಪದಗಳ ರಿಕವರಿ ಫ್ರೇಸ್ ಮೊದಲ ದಿನವೇ ಬರೆದಿಡಿ. ಇನ್ನೊಂದು: 2025ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟೇ ಪ್ರೋಟಾನ್ ಮೇಲ್ ನಿರ್ಬಂಧಿಸಲು ಕೇಂದ್ರಕ್ಕೆ ಸೂಚಿಸಿತ್ತು. ಹಾಗಾಗಿ ಸ್ವಂತ ಡೊಮೇನ್ (ಶುಲ್ಕ ಕಟ್ಟಿ ಪಡೆಯುವ ನಿಮ್ಮದೇ ಇಂಟರ್‌ನೆಟ್ ಹೆಸರು) ವಿಳಾಸವಿದ್ದರೆ ನಾಳೆ ಬೇರೆ ಕಂಪನಿಗೆ ಹೋದರೂ ಬ್ಯಾಂಕಿಗೆ ಕೊಟ್ಟ ವಿಳಾಸ ಅದೇ ಇರುತ್ತದೆ. ಡೊಮೇನ್ ಶುಲ್ಕ ಕಟ್ಟಲು ಮರೆತರೆ ಮಾತ್ರ ಅದನ್ನು ಬೇರೆಯವರು ಕೊಂಡು ನಿಮಗೆ ಬರುವ ಮೇಲ್ ಓದಬಹುದು. ಆಟೋ ರಿನ್ಯೂವಲ್ ಹಾಕಿಡಿ.

ಇದೇ ಹುರುಪಿನಲ್ಲಿ ವಾಟ್ಸ್ಆ್ಯಪ್ ಅಳಿಸಲು ಹೋಗಬೇಡಿ. ಅಪಾರ್ಟ್‌ಮೆಂಟ್ ಗುಂಪಿನಲ್ಲಿ ನೀರಿನ ಟ್ಯಾಂಕರ್ ಸುದ್ದಿ ಬರುವುದು ಅಲ್ಲೇ. ಮನೆಯ ನಾಲ್ಕು ಜನ ಸಿಗ್ನಲ್ ಎಂಬ ಮೆಸೇಜ್ ಆ್ಯಪ್‌ಗೆ ಬಂದರೆ ಅದೇ ದೊಡ್ಡದು.

ಪಿಕ್ಸೆಲ್ ಫೋನಿಗೆ ಗೂಗಲ್ ಸೇವೆಗಳಿಲ್ಲದೆ ಬರುವ ಆಂಡ್ರಾಯ್ಡ್ ಆದ ಗ್ರಾಫೀನ್ಓಎಸ್ ಹಾಕುವವರು ಮೊದಲು ನಿಮ್ಮ ಬ್ಯಾಂಕ್ ಆ್ಯಪ್ ಅದರಲ್ಲಿ ನಡೆಯುತ್ತದೋ ವಿಚಾರಿಸಿ. ಫೋನಿನ ಸಾಫ್ಟ್‌ವೇರ್ ಅಸಲಿಯೇ ಎಂದು ನೋಡುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆ ಕೇಳುವ ಕೆಲವು ಆ್ಯಪ್‌ಗಳು ತೆರೆಯುವುದೇ ಇಲ್ಲ, ಜೊತೆಗೆ ಯುಪಿಐ ಸಿಮ್‌ಗೆ ಅಂಟಿಕೊಂಡಿರುತ್ತದೆ. ಬ್ಯಾಂಕಿಗೆ ಕೊಟ್ಟ ಸಿಮ್ ಹಾಕಿದ ಹಳೆಯ ಫೋನೊಂದು ಡ್ರಾಯರ್‌ನಲ್ಲಿ ಚಾರ್ಜ್ ಆಗಿಯೇ ಇರಲಿ.